ತಂಗಿಯರ ಸಹಿ

ದ್ರೇನೊವಿಕ್,
14 ಆಗಸ್ಟ್ 1987

ನನ್ನ ಬೋರಾ,

ಬಸ್ಸಿನಿಂದ ಇಳಿದು ಒಂದು ದಿನವೂ ಆಗಿಲ್ಲ, ಆಗಲೇ ನಿನಗೆ ಬರೆಯಲು ಕೂತಿದ್ದೇನೆ. ಅಣ್ಣನ ಹೆಂಡತಿ ಸ್ಲಾವ್ಕಾ ನೋಡಿ ನಕ್ಕಳು. "ಮದುವೆಯಾಗಿ ಒಂಬತ್ತು ವಾರ ಆಯ್ತು, ಇನ್ನೂ ಜ್ವರ ಇಳಿದಿಲ್ವೇನೇ ನಿಂಗೆ? ನಂಗೆ ಒಂಬತ್ತು ದಿನಕ್ಕೇ ಇಳೀತು" ಅಂದಳು. ಹೌದು, ಇಳಿದಿಲ್ಲ. ನಮ್ಮ ನಾಲ್ಕನೇ ಮಹಡಿ, ಆ ಪುಟ್ಟ ಬಾಲ್ಕನಿ, ಬಾಗಿಲು ತೆಗೆದಾಗಲೆಲ್ಲ ಗೊರಕೆ ಹೊಡೆಯುವ ಫ್ರಿಜ್, ಅದರ ಮುಂದೆ ಬರಿಗಾಲಲ್ಲಿ ನಿಂತ ನೀನು, ಇವೆಲ್ಲ ನನ್ನವು ಎಂದು ನೆನೆದರೆ ಈಗಲೂ ನಗು ಬಂದುಬಿಡುತ್ತದೆ. ಬಸ್ಸಿನಲ್ಲಿ ಪಕ್ಕದ ಮುದುಕ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು.

ಇಲ್ಲಿ ಅಂಗಳದ ತುಂಬ ಕೆಂಪು ದೊಣ್ಣೆಮೆಣಸಿನಕಾಯಿ. ಹನ್ನೊಂದು ಮೂಟೆ. ಕಬ್ಬಿಣದ ಒಲೆಯನ್ನು ಎಳೆದು ತಂದು ಹೊರಗಿಟ್ಟಿದ್ದಾರೆ. ಅದರ ಮೇಲೆ ಮೆಣಸನ್ನು ಸಾಲಾಗಿ ಮಲಗಿಸಿ, ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು, ಸುಲಿದು, ಅರೆದು, ಎಣ್ಣೆಯಲ್ಲಿ ಕುದಿಸುವುದು. ನನ್ನ ಕೂದಲು, ಉಗುರು, ಈ ಕಾಗದ ಎಲ್ಲಕ್ಕೂ ಆ ಹೊಗೆಯ ವಾಸನೆ. ಮೂಸಿ ನೋಡು.

ನಾನು ಮಲಗುವುದು ಕೋಸಾನತ್ತೆಯ ವಾಯತ್‌ನಲ್ಲಿ. ನೆನಪಿದೆಯಾ, ಮದುವೆಯ ಮಾರನೆಯ ದಿನ ನೀನು ಹಣೆ ಚಚ್ಚಿಕೊಂಡ ಆ ಗಿಡ್ಡ ಬಾಗಿಲಿನ ಮರದ ಮನೆ? ಹಿಂದೆ ಕುಟುಂಬದ ಗಂಡುಮಕ್ಕಳಿಗೆ ಮದುವೆಯಾದಾಗ ಹೊಸ ಜೋಡಿ ಮಲಗಲೆಂದು ಅಂಗಳದಲ್ಲಿ ಇಂಥವನ್ನು ಕಟ್ಟುತ್ತಿದ್ದರು. ಈಗ ಉಳಿದಿರುವುದು ಇದೊಂದೇ. ಅದರಲ್ಲಿರುವುದು ಮದುವೆಯೇ ಆಗದ ನಮ್ಮತ್ತೆ, ಅಪ್ಪನ ತಂಗಿ, ಎಪ್ಪತ್ತು ವರ್ಷದವರು. "ಕೊನೆಗೂ ಈ ಮನೆಗೊಂದು ಮದುಮಗಳು ಬಂದ್ಳು, ಆದ್ರೆ ಗಂಡನ್ನ ತರೋದು ಮರೆತಿದ್ದಾಳೆ" ಎಂದು ಹಾಸಿಗೆ ಹಾಸಿಕೊಟ್ಟರು.

ಇಪ್ಪತ್ತೇಳಕ್ಕೆ ಚಾಚಕ್‌ನಲ್ಲಿ ಕೋರ್ಟು. ಅಪ್ಪ ಫೆಬ್ರವರಿಯಲ್ಲಿ ಹೋದರೂ ಮನೆ, ತೋಟ, ಹೊಲ ಎಲ್ಲ ಇನ್ನೂ ಅವರ ಹೆಸರಿನಲ್ಲೇ ಇವೆ. ಅಮ್ಮನೂ ಇಲ್ಲದ್ದರಿಂದ ಕಾನೂನಿನಲ್ಲಿ ಅರ್ಧ ತಿಹೋಮಿರಣ್ಣನದು, ಅರ್ಧ ನನ್ನದು. ನ್ಯಾಯಾಧೀಶರು ಕೇಳುತ್ತಾರೆ, ನಾನು "ನನ್ನ ಪಾಲು ಅಣ್ಣನಿಗೆ" ಎನ್ನುತ್ತೇನೆ, ಸಹಿ ಹಾಕುತ್ತೇನೆ, ಅಣ್ಣ ಉಡುಗೊರೆ ಕೊಡುತ್ತಾನೆ, ಹೊರಗೆ ಬಂದು ಎಲ್ಲರೂ ಊಟ ಮಾಡುತ್ತೇವೆ. ಇಲ್ಲಿ ತಂಗಿಯರು ಮಾಡುವುದೇ ಹೀಗೆ. ಅಣ್ಣನಿಂದ ಪಾಲು ಕಿತ್ತುಕೊಂಡವಳನ್ನು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಉಡುಗೊರೆ ಬಟ್ಟೆ ಒಗೆಯುವ ಯಂತ್ರವಂತೆ. ಗುಟ್ಟಾಗಿಡು, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

ನಿನ್ನವಳೇ ಆದ,
ದೇಸಾ



ವಾಲ್ಯೆವೊ,
17 ಆಗಸ್ಟ್

ದೇಸಾ, ನನ್ನ ಮೆಣಸಿನಕಾಯಿ,

ಕಾಗದ ಮೂಸಿದೆ. ಹಸಿವಾಯಿತು. ನಾಲ್ಕು ದಿನದಿಂದ ಬರೀ ಮೊಟ್ಟೆ ತಿನ್ನುತ್ತಿದ್ದೇನೆ, ಫ್ರಿಜ್ ಕೂಡ ನಿನ್ನ ನೆನಪಲ್ಲಿ ಗೊರಕೆ ನಿಲ್ಲಿಸಿದೆ.

ಒಂದು ಮಾತು. ಆ ಸಹಿಯ ವಿಷಯ. ಅವಸರ ಮಾಡಬೇಡ. ನಮ್ಮ ಪಾಳಿಯ ಮೇಸ್ತ್ರಿಯ ಹೆಂಡತಿ ತನ್ನ ಅರ್ಧ ಬಿಡಲಿಲ್ಲ. ಒಂದು ಹೊಲ ಮಾರಿದರು, ಈಗ ಕಾರಿನಲ್ಲಿ ಸಮುದ್ರಕ್ಕೆ ಹೋಗಿಬಂದಿದ್ದಾರೆ. ನಿಮ್ಮಣ್ಣ ಒಳ್ಳೆಯವನೇ, ನಾನು ಇಲ್ಲ ಎನ್ನುವುದಿಲ್ಲ. ಆದರೆ ನಮ್ಮ ಪಾಲನ್ನು ಒಂದು ಬಟ್ಟೆ ಒಗೆಯುವ ಯಂತ್ರಕ್ಕೆ ಕೊಟ್ಟುಬಿಡುವುದು ಎಂದರೆ ಸ್ವಲ್ಪ ಯೋಚಿಸು. ನಮ್ಮ ಪಾಲು ಎಷ್ಟಾಗುತ್ತದೆ ಎಂದು ಯಾರನ್ನಾದರೂ ಕೇಳು. ನಮ್ಮ ಪಾಲಿನಲ್ಲಿ ರಸ್ತೆ ಬದಿಯ ಹೊಲ ಬಂದರೆ ಇನ್ನೂ ಒಳ್ಳೆಯದು.

ಬೇಗ ಬಾ. ದಿಂಬು ಖಾಲಿ.

ಮುತ್ತುಗಳೊಂದಿಗೆ,
ಬೋರಾ



ದ್ರೇನೊವಿಕ್,
20 ಆಗಸ್ಟ್

ಬೋರಾ,

ನಿನ್ನ ಪತ್ರ ಬಂತು. ಓದಿ ಏಪ್ರನ್ ಜೇಬಿಗೆ ಹಾಕಿಕೊಂಡೆ. ಮಧ್ಯಾಹ್ನ ತೆಗೆದು ಮತ್ತೆ ಓದಿದೆ, ಎರಡನೇ ಸಲ ಇನ್ನೂ ಕೆಟ್ಟದಾಗಿತ್ತು. "ನಮ್ಮ ಪಾಲು" ಎಂದು ಮೂರು ಕಡೆ ಬರೆದಿದ್ದೀಯ. ಈ ಮನೆಗೆ ನೀನು ಬಂದದ್ದು ಎರಡು ಸಲ, ಎರಡೂ ಸಲ ಊಟಕ್ಕೆ. ಅಪ್ಪನ ಹೊಲದ ಮೇಲೆ ಕೂತು ಸಮುದ್ರಕ್ಕೆ ಹೋಗುವ ಆಸೆ ನಿನಗೆ ಯಾವಾಗ ಹುಟ್ಟಿತು? ಮದುವೆಗೆ ಮೊದಲೋ ಆಮೇಲೋ? ಇದಕ್ಕೆ ಉತ್ತರ ಬರೆಯಬೇಡ, ಎದುರಿಗೆ ಕೇಳುತ್ತೇನೆ.

ಇನ್ನೊಂದು ಸಿಟ್ಟಿದೆ, ಅದರ ಮುಂದೆ ನಿನ್ನದು ಏನೂ ಅಲ್ಲ.

ನಿನ್ನೆ ಪ್ಲಮ್ ಹಣ್ಣಿನ ಪಾಕ ಮಾಡುವ ದಿನ. ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಬೆಂಕಿ ಹಾಕಿ ತಾಮ್ರದ ಕೊಪ್ಪರಿಗೆ ಏರಿಸಿದೆವು. ಸಕ್ಕರೆ ಹಾಕುವುದಿಲ್ಲ, ಹಣ್ಣೇ ತನ್ನ ರಸದಲ್ಲಿ ಹನ್ನೆರಡು ಗಂಟೆ ಬೆಂದು ಕಪ್ಪಾಗಬೇಕು. ಒಂದು ಗಳಿಗೆ ಕೈ ನಿಲ್ಲಿಸಿದರೂ ತಳ ಹಿಡಿಯುತ್ತದೆ. ಹೆಂಗಸರು ಸರದಿಯ ಮೇಲೆ ಉದ್ದನೆಯ ಮರದ ಹುಟ್ಟು ಹಿಡಿದು ತಿರುವುತ್ತಿದ್ದೆವು. ನಾನು, ಸ್ಲಾವ್ಕಾ, ಅತ್ತೆ, ಪಕ್ಕದ ಮನೆಯ ರೂಜಾ. ಕಣಜಗಳು ಮುಖದ ಸುತ್ತ. ರೂಜಾ ನನ್ನನ್ನು ಬೆಳಗಿನಿಂದ ಚುಡಾಯಿಸುತ್ತಿದ್ದಳು. "ನೋಡ್ರೇ, ಪೇಟೆಗೆ ಮದುವೆಯಾಗಿ ಹೋದೋಳು ಹುಟ್ಟು ಹಿಡಿಯೋ ಚೆಂದ. ಗಂಡನ ಕಾಫಿ ಕದಡಿದ ಹಾಗೆ ಕದಡ್ತಿದ್ದಾಳೆ." ನಾವೆಲ್ಲ ನಕ್ಕೆವು. ಅದೇ ಧಾಟಿಯಲ್ಲಿ ಅತ್ತೆಯ ಕಡೆ ತಿರುಗಿದಳು.

"ಈ ಸಲ ಹೊಟ್ಟೆ ತುಂಬ ತಿಂದ್ಕೊ, ಕೋಸಾನಾ. ಅಲ್ಲಿ ವೃದ್ಧಾಶ್ರಮದಲ್ಲಿ ಪಾಕ ಅಂಗಡಿ ಡಬ್ಬೀಲಿ ಬರುತ್ತಂತೆ. ಮುಂದಿನ ವರ್ಷ ನಿನ್ನ ವಾಯತ್ ಇರೋ ಜಾಗದಲ್ಲಿ ಟ್ರ್ಯಾಕ್ಟರ್ ಮಲಗಿರುತ್ತೆ."

"ಯಾವ ವೃದ್ಧಾಶ್ರಮ?" ಅಂದರು ಅತ್ತೆ.

ರೂಜಾ ಸ್ಲಾವ್ಕಾಳ ಮುಖ ನೋಡಿದಳು. ಸ್ಲಾವ್ಕಾ ಬೆಂಕಿ ನೋಡಿದಳು. "ಅಯ್ಯೋ, ಇನ್ನೂ ಹೇಳಿಲ್ವಾ? ನನ್ನ ಬಾಯಿ ಸುಡ" ಎಂದಳು ರೂಜಾ.

ಅತ್ತೆ ಎದ್ದು ಬಂದು ನನ್ನ ಕೈಯಿಂದ ಹುಟ್ಟು ತೆಗೆದುಕೊಂಡರು. "ತಳ ಹಿಡೀತಿದೆ, ಪಕ್ಕಕ್ಕೆ ಸರಿ" ಅಂದರು. ಆಮೇಲೆ ಎರಡು ಗಂಟೆ ಹೊತ್ತು ಅದನ್ನು ಯಾರಿಗೂ ಕೊಡಲಿಲ್ಲ.

ಸಂಜೆ ಅಣ್ಣ ಹೊಲದಿಂದ ಬಂದು ಬಾವಿಯ ಹತ್ತಿರ ಕಾಲು ತೊಳೆಯುತ್ತಿದ್ದ. ಹೋಗಿ ನಿಂತೆ.

"ಅತ್ತೇನ ವೃದ್ಧಾಶ್ರಮಕ್ಕೆ ಕಳಿಸ್ತಿದ್ದೀಯಂತೆ?"

"ಹ್ಞೂಂ. ಅಕ್ಟೋಬರ್‌ಗೆ. ಬಿಸಿನೀರಿದೆ ಅಲ್ಲಿ, ಡಾಕ್ಟ್ರಿದ್ದಾರೆ."

"ಅವರನ್ನ ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳಿಲ್ಲ."

"ಅಪ್ಪ ಮಾತು ಕೊಟ್ಟಿದ್ರು ಅಣ್ಣ. ಅತ್ತೆ ತಮ್ಮ ಪಾಲು ಅಪ್ಪನಿಗೆ ಬರೆದುಕೊಟ್ಟಾಗ, ಸಾಯೋ ತನಕ ಆ ವಾಯತ್ ನಿಂದೇ ಅಂದಿದ್ರು."

"ಕಾಗದದಲ್ಲಿ ತೋರ್ಸು. ಇಲ್ಲ ತಾನೇ? ಅದು ಅಪ್ಪನ ಮಾತು. ಅಪ್ಪ ಹೋದ್ರು." ಇನ್ನೊಂದು ಕಾಲಿಗೆ ನೀರು ಸುರಿದುಕೊಂಡ. "ಹೋದ ಚಳಿಗಾಲದಲ್ಲಿ ಅತ್ತೆ ಎರಡು ಸಲ ಮಂಜಲ್ಲಿ ಬಿದ್ರು. ಎತ್ತಿದ್ದು ಯಾರು? ಅವರ ಹಾಸಿಗೆ ಬಟ್ಟೆ ಒಗೆದಿದ್ದು ಯಾರು? ಸ್ಲಾವ್ಕಾ. ಆಗ ನೀನು ಮದುವೆ ಬಟ್ಟೆ ಹೊಲಿಸ್ಕೊಳ್ತಿದ್ದೆ. ಒಂದು ವಾರ ಬಂದು ಹುಟ್ಟು ಹಿಡಿದ್ಬಿಟ್ರೆ ಮನೆ ನಡೆಸಿದ ಹಾಗಾಗಲ್ಲ ಕಣೇ."

ಅದು ನಿಜ, ಬೋರಾ. ನಿಜವಾದ್ದರಿಂದಲೇ ಇನ್ನೂ ಸಿಟ್ಟು ಬಂತು. ಅವನು ಹೇಳಿದ್ದೆಲ್ಲ ಸರಿಯಿದ್ದೂ ಅವನು ಮಾಡುತ್ತಿರುವುದು ತಪ್ಪು. ಇದನ್ನು ಹೇಗೆ ಹೇಳಬೇಕೆಂದು ತಿಳಿಯದೆ ಬಾವಿಯ ಬಕೆಟ್ಟನ್ನು ಒದ್ದೆ. ಹೆಬ್ಬೆರಳು ಊದಿಕೊಂಡಿದೆ.

ಮಲಗುವ ಮುಂಚೆ ಅತ್ತೆಯನ್ನು ಕೇಳಿದೆ, ನೀವು ಸಹಿ ಹಾಕಿದ್ದು ಯಾವಾಗ ಎಂದು. "ನಲವತ್ತೊಂಬತ್ತರಲ್ಲಿ. ನಿಮ್ಮಜ್ಜ ಹೋದ ವರ್ಷ" ಅಂದರು. ಉಡುಗೊರೆ ಏನು ಕೊಟ್ಟರು ಎಂದೆ. "ಒಂದು ಕೋಟು. ಒಳ್ಳೆ ಕೋಟು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ನಾನು ಹೋದ ವಾರ ನಿನಗೆ ನಗುತ್ತಾ ಬರೆದಿದ್ದೆನಲ್ಲ, "ಸಹಿ ಹಾಕುತ್ತೇನೆ, ಊಟ ಮಾಡುತ್ತೇವೆ" ಎಂದು. ಆ ಕಾಗದ ಸುಟ್ಟುಬಿಡು.

ದೇಸಾ



ವಾಲ್ಯೆವೊ,
23 ಆಗಸ್ಟ್

ದೇಸಾ,

ಸಿಟ್ಟು ಮಾಡಿಕೊಳ್ಳಬೇಡ. ಆದರೆ ನೋಡು, ಕೊನೆಗೆ ನೀನೂ ನಾನು ಹೇಳಿದಲ್ಲಿಗೇ ಬಂದೆ. ಸಹಿ ಹಾಕಬೇಡ ಎಂದೇ ನಾನೂ ಹೇಳಿದ್ದು. ಕಾರಣ ಬೇರೆ ಇರಬಹುದು. ಅತ್ತೆಯನ್ನೂ ಒಂದು ಸಲ ಕಾರಿನಲ್ಲಿ ಸಮುದ್ರಕ್ಕೆ ಕರೆದುಕೊಂಡು ಹೋಗೋಣ.

ಇಪ್ಪತ್ತೇಳಕ್ಕೆ ರಜೆ ಕೇಳಿದೆ, ಕೊಡಲಿಲ್ಲ. ಹೆಬ್ಬೆರಳಿಗೆ ತಣ್ಣೀರು ಪಟ್ಟಿ ಹಾಕು.

ಬೋರಾ



ದ್ರೇನೊವಿಕ್,
28 ಆಗಸ್ಟ್

ಬೋರಾ,

ನಾನು ನಿನ್ನಲ್ಲಿಗೆ ಬಂದಿಲ್ಲ. ನೀನಿರುವ ಕಡೆಗೆ ನಾನು ಬರುವುದು ನಾಳೆ ಹತ್ತೂವರೆಯ ಬಸ್ಸಿನಲ್ಲಿ ಮಾತ್ರ. ಅಂಚೆ ನನಗಿಂತ ನಿಧಾನ, ಅದಕ್ಕೇ ಈ ಕಾಗದವನ್ನು ಇವತ್ತಿನ ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ಬಸ್‌ನಿಲ್ದಾಣದಲ್ಲಿ "ನಮ್ಮ ಪಾಲು" ಎಂದು ಶುರುಮಾಡಿದರೆ ಅದೇ ಬಸ್ಸಿನಲ್ಲಿ ವಾಪಸು ಹೊರಡುತ್ತೇನೆ.

ಕೋರ್ಟಿನಲ್ಲಿ ನಮ್ಮ ಸರದಿ ಬಂದಾಗ ಹನ್ನೊಂದು ಗಂಟೆ. ಅಣ್ಣ ಅಪ್ಪನ ಕಪ್ಪು ಕೋಟು ಹಾಕಿಕೊಂಡು ಬಂದಿದ್ದ, ತೋಳು ಅವನಿಗೆ ಗಿಡ್ಡ. ನ್ಯಾಯಾಧೀಶೆ ತಲೆಯೆತ್ತದೆ ಕೇಳಿದರು. ಎಷ್ಟು ತಂಗಿಯರನ್ನು ಹೀಗೆ ಕೇಳಿರುತ್ತಾರೋ. "ಮೃತರ ಮಗಳು, ನಿಮ್ಮ ಪಾಲನ್ನು ಸೋದರನಿಗೆ ಬಿಟ್ಟುಕೊಡುತ್ತೀರಿ ಅಲ್ಲವೇ?" ಎಂದು ಉತ್ತರವನ್ನೂ ಪ್ರಶ್ನೆಯೊಳಗೇ ಇಟ್ಟು ಕೇಳಿದರು. ಪಕ್ಕದ ಹುಡುಗಿ ಆಗಲೇ ಟೈಪ್ ಹೊಡೆಯತೊಡಗಿದ್ದಳು.

"ಇಲ್ಲ. ನನ್ನ ಪಾಲು ನಾನು ತಗೋತೀನಿ" ಎಂದೆ.

ಟೈಪಿನ ಸದ್ದು ನಿಂತಿತು. ಅಣ್ಣ ಮೆಲ್ಲಗೆ, ಚಿಕ್ಕಂದಿನಲ್ಲಿ ನನಗೆ ಮಗ್ಗಿ ಹೇಳಿಕೊಡುತ್ತಿದ್ದಾಗಿನ ದನಿಯಲ್ಲಿ, "ದೇಸಾ, ತಪ್ಪು ಹೇಳ್ದೆ. ಇನ್ನೊಂದ್ಸಲ ಹೇಳು" ಅಂದ.

ಆಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕೋಸಾನತ್ತೆಯ ಹೆಸರು, ವಯಸ್ಸು, ನಲವತ್ತೊಂಬತ್ತರ ಸಹಿ, ಅಪ್ಪನ ಮಾತು, ಟ್ರ್ಯಾಕ್ಟರ್, ಅವರು ಮಂಜಿನಲ್ಲಿ ಬಿದ್ದದ್ದು, ಹಾಸಿಗೆ ಬಟ್ಟೆ, ಎಲ್ಲ. ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ನಮ್ಮ ಊರಿನವರೇ ನಾಲ್ಕು ಜನ ಕೂತಿದ್ದರು. ಅವರು ಕೇಳಲಿ ಎಂದೇ ಜೋರಾಗಿ ಹೇಳಿದೆ. "ಅದೆಲ್ಲ ಈ ಕಡತದಲ್ಲಿ ಬರಲ್ಲಮ್ಮ. ಪಾಲು ಸ್ವೀಕರಿಸ್ತೀರಿ ಅಂತಷ್ಟೇ ಬರ್ಕೋತೀನಿ" ಅಂದರು ನ್ಯಾಯಾಧೀಶೆ. ಬರೆದುಕೊಂಡರು. ಅರ್ಧ ನನ್ನದು. ಇನ್ನು ನನ್ನ ಒಪ್ಪಿಗೆಯಿಲ್ಲದೆ ಅವನು ಆ ವಾಯತ್‌ನ ಒಂದು ಹಲಗೆಯನ್ನೂ ಕೀಳುವಂತಿಲ್ಲ.

ಹೊರಗೆ ಯಾರದೋ ವ್ಯಾನಿನಲ್ಲಿ ಬಟ್ಟೆ ಒಗೆಯುವ ಯಂತ್ರ ನಿಂತಿತ್ತು. ಸ್ಲಾವ್ಕಾ ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದಳು. ಅಣ್ಣನ ಮುಖ ನೋಡಿದವಳೇ ರಿಬ್ಬನ್ ಬಿಚ್ಚಿ ಕೈಗೆ ಸುತ್ತಿಕೊಂಡಳು. "ನಿನ್ನ ಗಂಡ ಕಲಿಸಿಕೊಟ್ಟಿದ್ದಾ?" ಅಂದಳು. "ಅಲ್ಲ" ಎಂದೆ. "ಹಂಗಾದ್ರೆ ಇನ್ನೂ ಕೆಟ್ಟದ್ದು" ಅಂದಳು.

ನನ್ನನ್ನು ವ್ಯಾನಿಗೆ ಹತ್ತಿಸಿಕೊಳ್ಳಲಿಲ್ಲ. ಕೊನೆಯ ಬಸ್ಸಿಗೆ ಬಂದು, ಮುಖ್ಯರಸ್ತೆಯಿಂದ ಜೋಳದ ಹೊಲದ ನಡುವೆ ಎರಡು ಮೈಲಿ ನಡೆದೆ. ಬೇಲಿಗಳ ಹಿಂದೆ ಹೆಂಗಸರು ಮೆಣಸು ಸುಲಿಯುತ್ತಿದ್ದರು. ಒಬ್ಬರೂ ಮಾತಾಡಿಸಲಿಲ್ಲ. ನನಗಿಂತ ಮೊದಲೇ ಸುದ್ದಿ ಊರಿಗೆ ಬಂದಿತ್ತು. ಅತ್ತೆಗೂ ತಿಳಿದಿತ್ತು. ಬ್ರೆಡ್ಡು, ಕೆನೆ ಮುಂದಿಟ್ಟರು. ಸಂತೋಷಕ್ಕೆ ಮಾತೇ ಬರುತ್ತಿಲ್ಲ ಎಂದುಕೊಂಡು ಅವರನ್ನು ತಬ್ಬಿಕೊಂಡೆ. ಅವರ ಕೈಗಳು ಮಾತ್ರ ಇಳಿಬಿದ್ದೇ ಇದ್ದವು.

ಕಾರು ಇಲ್ಲ, ಬೋರಾ. ಸಮುದ್ರವೂ ಇಲ್ಲ. ಆ ಅರ್ಧ ನನ್ನದು, ಅದರಲ್ಲಿ ನಿನ್ನ ಅರ್ಧ ಇಲ್ಲ. ಇಷ್ಟಾದರೂ ನಿನ್ನನ್ನು ಯಾವಾಗ ನೋಡುತ್ತೇನೋ ಎಂದು ಗಡಿಯಾರ ನೋಡುತ್ತಿದ್ದೇನೆ. ಅದಕ್ಕೂ ನನಗೆ ಸಿಟ್ಟಿದೆ.

ದೇಸಾ



ದ್ರೇನೊವಿಕ್,
6 ಸೆಪ್ಟೆಂಬರ್

ದೇಸಾಂಕಾ,

ಕೋರ್ಟಿನ ತೀರ್ಪಿನ ನಕಲು ಬಂದಿದೆ. ನಿನ್ನ ಪ್ರತಿ ಇದರ ಜೊತೆಗಿದೆ. ನಾನು ಕಳ್ಳನಲ್ಲ, ನಿನ್ನದನ್ನು ನಿನಗೆ ಕಳಿಸಿದ್ದೇನೆ.

ಹದಿನಾರು ವರ್ಷದಿಂದ ಈ ನೆಲ ಉಳುತ್ತಿದ್ದೇನೆ. ಅಪ್ಪನ ಜೊತೆ ಆ ಪ್ಲಮ್ ಸಸಿಗಳನ್ನು ನೆಟ್ಟವನು ನಾನು. ನೀನು ಅವಕ್ಕೆ ಜೋತುಬಿದ್ದು ಉಯ್ಯಾಲೆ ಆಡುತ್ತಿದ್ದೆ. ನೀನು ಅರ್ಧ ತೆಗೆದುಕೊಂಡಿದ್ದಕ್ಕೆ ನನಗೆ ಇಷ್ಟು ಸಿಟ್ಟಿಲ್ಲ. ಅದು ಕಾನೂನು. ಆದರೆ ತೆರೆದ ಬಾಗಿಲಲ್ಲಿ ನಿಂತು ನನ್ನ ಮನೆಯ ಹಾಸಿಗೆ ಬಟ್ಟೆಯನ್ನು ಊರಿನ ಮುಂದೆ ಹರವಿದೆಯಲ್ಲ, ಅದಕ್ಕೆ. ಮೊದಲು ನನ್ನ ಹತ್ತಿರ ಬಂದು, ಅತ್ತೆಗೆ ಆ ವಾಯತ್ ಬರೆದುಕೊಡು, ಆಮೇಲೆ ಸಹಿ ಹಾಕುತ್ತೇನೆ ಎಂದು ನೀನು ಹೇಳಲಿಲ್ಲ. ಹೇಳಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ ನನಗೂ ಗೊತ್ತಿಲ್ಲ. ಗೊತ್ತಾಗುವ ಅವಕಾಶವನ್ನೇ ನೀನು ಕೊಡಲಿಲ್ಲ.

ಯಂತ್ರ ಸ್ಲಾವ್ಕಾಗೆ ಕೊಟ್ಟೆ. ನವೆಂಬರಿನಲ್ಲಿ ನಮ್ಮ ಮನೆಯ ಸಂತನ ಹಬ್ಬಕ್ಕೆ ಬರಬೇಡ.

ತಿಹೋಮಿರ್



ದ್ರೇನೊವಿಕ್,
13 ಸೆಪ್ಟೆಂಬರ್

ದೇಸಾ,

ನಿನ್ನ ಎರಡು ಕಾಗದ ಬಂದವು. ಉತ್ತರ ಬರೆಯಲಿಲ್ಲ, ಯಾಕೆಂದರೆ ಸಿಟ್ಟಿತ್ತು. ಇನ್ನೂ ಇದೆ. ಸಿಟ್ಟು ಇಳಿಯಲಿ ಎಂದು ಕಾದರೆ ಚಳಿಗಾಲ ಬಂದುಬಿಡುತ್ತದೆ, ಅದಕ್ಕೇ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನು ಮಂಜಿನಲ್ಲಿ ಬಿದ್ದದ್ದನ್ನು ಕೋರ್ಟಿನಲ್ಲಿ ಹೇಳು ಎಂದು ನಿನಗೆ ಯಾರು ಹೇಳಿದರು? ನನ್ನ ಹಾಸಿಗೆಯ ವಿಷಯ ಹೇಳು ಎಂದು ಯಾರು ಹೇಳಿದರು? ಆ ದಿನದಿಂದ ರೂಜಾ ನನ್ನನ್ನು ಕಂಡರೆ ಕೈ ಹಿಡಿದು ನಡೆಸಲು ಬರುತ್ತಾಳೆ. ತಿಹೋಮಿರ್ ನನ್ನನ್ನು ಕೇಳದೆ ಕಳಿಸಲು ಹೊರಟ. ನೀನು ನನ್ನನ್ನು ಕೇಳದೆ ಉಳಿಸಿದೆ. ಎರಡು ವಾರ ನನ್ನ ಪಕ್ಕದಲ್ಲೇ ಮಲಗಿದ್ದೆ. ಕೋಟಿನ ವಿಷಯ ಕೇಳಿದೆ. ಅತ್ತೆ, ನಿಮಗೆ ಎಲ್ಲಿರಲು ಇಷ್ಟ ಎಂದು ಒಂದು ಸಲವೂ ಕೇಳಲಿಲ್ಲ.

ಇಲ್ಲೇ ಇರಲು ಇಷ್ಟ. ಈಗ ಹೇಳಿದೆ.

ತಿಹೋಮಿರ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಸೌದೆ ಮಾತ್ರ ತರುತ್ತಾನೆ. ಜೋಡಿಸುವುದಿಲ್ಲ, ಬಾಗಿಲ ಮುಂದೆ ಸುರಿದು ಹೋಗುತ್ತಾನೆ. ನಾನೂ ಒಂದೊಂದೇ ಜೋಡಿಸುತ್ತೇನೆ, ಅವನಿಗೆ ಕಾಣಲಿ ಎಂದು. ಸ್ಲಾವ್ಕಾ ಮೊನ್ನೆ ಬಂದು, "ಯಂತ್ರ ಬಂದಿದೆ, ನಿಮ್ಮ ಬಟ್ಟೆ ಕೊಡಿ" ಎಂದಳು. ಕೊಟ್ಟೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೂ ನೀನು ಒಂದು ಕಾಗದ ಬರೆಯಬೇಕು. ಏನು ಬರೆಯಬೇಕೆಂದು ನಾನು ಹೇಳಿಕೊಡುವುದಿಲ್ಲ.

ಈಗ ನನ್ನ ಮಾತು ಕೇಳು. ಈ ವಾಯತ್, ಅದರ ಮುಂದೆ ಬಾವಿಯವರೆಗಿನ ನೆಲ, ಇಷ್ಟು ನನ್ನ ಹೆಸರಿಗೆ ಆಗಬೇಕು. ನಿನ್ನ ದಯೆಯಿಂದ ಇರುವುದೂ ನಿಮ್ಮಪ್ಪನ ಮಾತಿನ ಮೇಲೆ ಇದ್ದದ್ದೂ ನನಗೆ ಒಂದೇ. ನಿಮ್ಮಪ್ಪ ಒಳ್ಳೆಯವನು. ನೀನೂ ಒಳ್ಳೆಯವಳು. ನಾಳೆ ನೀನಿಲ್ಲದಿದ್ದರೆ ನಿನ್ನ ಗಂಡನ ಜೊತೆ ನಾನು, ನೀನು ಬರೆದಿದ್ದೆಯಲ್ಲ, ಆ ಕಾರಿನ ಮಾತಾಡಬೇಕೇನು? ತಿಹೋಮಿರನ ಅರ್ಧದಿಂದಲೂ ಒಪ್ಪಿಗೆ ಬೇಕು ಎಂದು ಅಂಚೆಯವನು ಹೇಳಿದ. ಅವನನ್ನು ನಾನೇ ಕೇಳುತ್ತೇನೆ. ನೀನು ನಡುವೆ ಬರಬೇಡ. ಇಷ್ಟು ವರ್ಷದಲ್ಲಿ ಆ ಹುಡುಗನ ಹತ್ತಿರ ನಾನು ಏನನ್ನೂ ಕೇಳಿಲ್ಲ. ಬಾಯಿಬಿಟ್ಟು ಕೇಳಿದರೆ ಅವನು ಏನು ಮಾಡುತ್ತಾನೋ ನೋಡಬೇಕು.

ನಲವತ್ತೊಂಬತ್ತರಲ್ಲಿ ನನಗೆ ಓದು ಬರುತ್ತಿರಲಿಲ್ಲ ಎಂದು ನೀನು ತಿಳಿದಿರಬಹುದು, ಎಲ್ಲರೂ ಹಾಗೇ ತಿಳಿದಿದ್ದಾರೆ. ಬರುತ್ತಿತ್ತು. ನಾಲ್ಕನೇ ತರಗತಿ ಓದಿದ್ದೆ, ನಿಮ್ಮಪ್ಪನಿಗಿಂತ ಚೆನ್ನಾಗಿ. ಗುಮಾಸ್ತ ಕಾಗದ ನನ್ನ ಮುಂದೆ ತಳ್ಳಿದ. ನಿಮ್ಮಪ್ಪ ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಓದಲು ಬಗ್ಗಿದರೆ ಅಣ್ಣನ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದಲ್ಲ ಎಂದು ನಾಚಿಕೆಯಾಯಿತು. ಕಿಟಕಿಯ ಕಡೆ ನೋಡುತ್ತಾ ಸಹಿ ಹಾಕಿದೆ. ಮೂವತ್ತೆಂಟು ವರ್ಷದಿಂದ ನನಗೆ ಸಿಟ್ಟಿರುವುದು ನಿಮ್ಮಪ್ಪನ ಮೇಲಲ್ಲ, ಆ ಕಿಟಕಿಯ ಮೇಲೆ.

ಶನಿವಾರ ಚಾಚಕ್‌ಗೆ ಬಾ. ಕಾಗದ ಬರೆಸಿಡು. ಹೊಸ ಕನ್ನಡಕ ಮಾಡಿಸಿಕೊಂಡಿದ್ದೇನೆ. ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದುತ್ತೇನೆ, ತುಂಬಾ ಹೊತ್ತಾಗುತ್ತದೆ. ಅಷ್ಟು ಹೊತ್ತೂ ನೀನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿರಬೇಕು.

ಕೋಸಾನಾ